ಹಳೆಯ ಅಗ್ಗಿಷ್ಟಿಕೆಗೆ ಹೊಸ ಒಲೆ

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆಗಳುಂಟು. ನೋಟಕ್ಕೆ ಅವು ಸೊಗಸು. ಆದರೆ ಬೆಂಕಿಯ ಶಾಖದ ಬಹುಭಾಗ ಹೊಗೆಗೂಡಿನ ಮೂಲಕ ಆಕಾಶದ ಪಾಲಾಗುತ್ತದೆ. 1790ರ ದಶಕದಲ್ಲಿ ಲಂಡನ್ನಿನಲ್ಲಿ ಕೌಂಟ್ ರಮ್‌ಫರ್ಡನು ಹೊಗೆಗೂಡಿನ ಕಂಠವನ್ನು ಕಿರಿದುಗೊಳಿಸಿ ಈ ನಷ್ಟವನ್ನು ತಗ್ಗಿಸಿದನು. ಈಗ ಅಗ್ಗಿಷ್ಟಿಕೆಯೊಳಗೇ ಗಾಜಿನ ಬಾಗಿಲುಳ್ಳ ಕಬ್ಬಿಣದ ಒಲೆಯನ್ನು ಕೂರಿಸುತ್ತಾರೆ. ಗಾಳಿ ಮಿತವಾಗಿ ಒಳಬರುವುದರಿಂದ ಕಡಿಮೆ ಸೌದೆಯೇ ಸಾಕು.

ಒಲೆಯೊಂದನ್ನೇ ಕೂರಿಸಿದರೆ ಕೆಲಸ ಮುಗಿಯದು. ವಿಶಾಲವಾದ ಹಳೆಯ ಹೊಗೆಗೂಡಿನಲ್ಲಿ ಹೊಗೆಯು ತಣ್ಣಗಾಗಿ, ಡಾಂಬರಿನಂತಹ ಅಂಟಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದು ಹೊತ್ತಿಕೊಂಡರೆ ಮನೆಯೇ ಉರಿದೀತು. ಬಿರುಕುಗಳಿಂದ ನುಸುಳುವ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಆದುದರಿಂದ ಮೊದಲು ಮಸಿಯನ್ನು ಗುಡಿಸಿ, ಒಲೆಯಿಂದ ಹೊಗೆಗೂಡಿನ ತುದಿಯವರೆಗೆ ತುಕ್ಕು ಹಿಡಿಯದ ಉಕ್ಕಿನ ಕೊಳವೆಯನ್ನು ಅಳವಡಿಸುವರು. ಕಿರಿದಾದ ಅದರೊಳಗೆ ಹೊಗೆ ಬಿಸಿಯಾಗಿಯೇ ಉಳಿದು ವೇಗವಾಗಿ ಮೇಲೇರುತ್ತದೆ. ಆದರೆ ಸೌದೆ ಹಸಿಯಾಗಿದ್ದರೆ ಅಲ್ಲಿಯೂ ಅಂಟು ಕಟ್ಟುವುದು.