ಲಂಗರು ಎತ್ತುವವರು ಯಾರು?

ಲಂಡನ್ನಿನ ನಮ್ಮಂಥ ಕುಟುಂಬಗಳಿಗೆ ಥೇಮ್ಸ್ ಎಂದರೆ ಊರಿನಿಂದ ಬಂದ ಅಪ್ಪ-ಅಮ್ಮನಿಗೆ ತೋರಿಸುವ ನದಿ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ದೋಣಿ ಹತ್ತಿಸಿ, ಗ್ರೀನಿಚ್‌ನಲ್ಲಿ ಇಳಿಸಿ, ‘ಕಟ್ಟಿ ಸಾರ್ಕ್’ ಹಡಗಿನ ಮುಂದೆ ಫೋಟೋ ತೆಗೆದರೆ ಪ್ರವಾಸ ಮುಗಿಯಿತು. ಮುಂದಿನ ಸಲ ಅಲ್ಲಿಗೆ ಹೋದಾಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: 1869ರಲ್ಲಿ ಕಟ್ಟಿದ ಈ ಹಡಗಿನ ಲಂಗರನ್ನು ಸಮುದ್ರದ ತಳದಿಂದ ಮೇಲೆ ಎತ್ತುತ್ತಿದ್ದವರು ಯಾರು? ಉತ್ತರ: ನಾವಿಕರ ತೋಳುಗಳು. ಹತ್ತಾರು ಜನ ಸೇರಿ ತಿರುಗಣೆಯನ್ನು ತಳ್ಳುತ್ತ ಸರಪಳಿಯನ್ನು ಸುತ್ತುತ್ತಿದ್ದರು.

ನಮ್ಮ ದೋಣಿಯಲ್ಲಿ ಅಷ್ಟು ಜನ ಇಲ್ಲ. ಪೂರ್ವ ಲಂಡನ್ನಿನ ಮರೀನಾ ಒಂದರಲ್ಲಿ ನಿಲ್ಲುವ, ಸುಮಾರು 9 ಮೀಟರ್ ಉದ್ದದ ಹಳೆಯ ಹಾಯಿದೋಣಿ ಅದು. ಅದರಲ್ಲಿ ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಬೇಸಿಗೆಯ ವಾರಾಂತ್ಯಗಳಲ್ಲಿ ಥೇಮ್ಸ್ ಬ್ಯಾರಿಯರ್ ದಾಟಿ, ಕೆಂಟ್ ಕಡೆಯ ಸ್ವೇಲ್ ಖಾರಿಗೆ ಹೋಗಿ ಹಾರ್ಟಿ ಫೆರಿ ಬಳಿ ಲಂಗರು ಹಾಕುತ್ತೇವೆ. ಹಕ್ಕಿಗಳು, ಕೆಸರು, ಮೌನ. ಲಂಡನ್ ಇಷ್ಟು ಹತ್ತಿರ ಇದೆ ಎಂದು ನಂಬುವುದೇ ಕಷ್ಟ.

ಕಳೆದ ವರ್ಷ ನನ್ನ ಗಂಡನಿಗೆ ಸ್ಲಿಪ್ ಡಿಸ್ಕ್ ಆಯಿತು. ಡಾಕ್ಟರು ಭಾರ ಎತ್ತಬೇಡಿ ಎಂದರು. ಆಗ ನಮ್ಮ ಮುಂದೆ ನಿಂತದ್ದು ಸರಳವಾದ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಗಾಳಿಯ ದಿಕ್ಕು ಬದಲಾಗಿ ಅಲ್ಲಿಂದ ಹೊರಡಲೇಬೇಕಾದರೆ, ಮಕ್ಕಳು ಕೆಳಗೆ ಮಲಗಿರುವಾಗ, ನಾನೊಬ್ಬಳೇ ಲಂಗರು ಎತ್ತಬಲ್ಲೆನೇ? ಆಗುವುದಿಲ್ಲ ಎಂದಾದರೆ ದೋಣಿ ಮಾರುವುದೇ ಸರಿ ಎಂಬ ಮಾತೂ ಬಂತು. ಕೊನೆಗೆ ಎಲೆಕ್ಟ್ರಿಕ್ ವಿಂಡ್‌ಲಾಸ್, ಅಂದರೆ ಬ್ಯಾಟರಿಯಿಂದ ಲಂಗರು ಎತ್ತುವ ಯಂತ್ರ, ಕೂರಿಸಲು ತೀರ್ಮಾನಿಸಿದೆವು.

ಭಾರದ ಲೆಕ್ಕ

ಥೇಮ್ಸ್ ಅಳಿವೆಯಲ್ಲಿ ದೊಡ್ಡ ಉಬ್ಬರದ ದಿನ ನೀರು 5 ಮೀಟರಿಗೂ ಹೆಚ್ಚು ಏರುತ್ತದೆ. ಇಳಿತದಲ್ಲಿ 3 ಮೀಟರ್ ಇದ್ದ ಆಳ ಆರು ತಾಸಿನಲ್ಲಿ 8 ಮೀಟರ್ ಆಗುತ್ತದೆ. ಆಳದ ನಾಲ್ಕು ಪಟ್ಟು ಎಂದರೆ 32 ಮೀಟರ್ ಸರಪಳಿ ಬಿಡಬೇಕು. 8 ಮಿ.ಮೀ. ದಪ್ಪದ ಉಕ್ಕಿನ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. ಅಷ್ಟೂ ಸರಪಳಿಯನ್ನು ಎಳೆದುಕೊಳ್ಳಬೇಕು. ಕೊನೆಯಲ್ಲಿ ನೇರವಾಗಿ ತೂಗುವ 8 ಮೀಟರ್ ಸರಪಳಿಗೆ 11 ಕಿಲೋ, ಲಂಗರಿಗೆ 10 ಕಿಲೋ. ಜೊತೆಗೆ ಕೆಸರಿನ ಹಿಡಿತ. ಊರಿನ ಬಾವಿಯಿಂದ ಕೊಡಪಾನ ಸೇದಿದವರಿಗೆ ಈ ಭಾರ ಗೊತ್ತು. ಆದರೆ ಬಾವಿಕಟ್ಟೆ ಅಲುಗಾಡುವುದಿಲ್ಲ, ದೋಣಿಯ ಮೂತಿ ಏರಿಳಿಯುತ್ತಲೇ ಇರುತ್ತದೆ.

ಕೆಟಲ್‌ಗಿಂತ ದಪ್ಪ ವೈರು

ಹೊಸ ಕೇಬಲ್ ನೋಡಿ ಮಗಳು ಕೇಳಿದಳು: “ಅಮ್ಮಾ, ಕೆಟಲ್‌ಗೆ ಸಣ್ಣ ವೈರು ಸಾಕು, ಇದಕ್ಕೇಕೆ ನನ್ನ ಹೆಬ್ಬೆರಳಷ್ಟು ದಪ್ಪ?”

ಶಾಲೆಯ ವಿಜ್ಞಾನ ಮನೆಗೆ ಬರುವುದು ಇಂಥ ಪ್ರಶ್ನೆಗಳಿಂದಲೇ. ಮನೆಯ ಕೆಟಲ್ 3,000 ವ್ಯಾಟ್. 230 ವೋಲ್ಟ್‌ನಲ್ಲಿ ಅದು ಎಳೆಯುವುದು 13 ಆಂಪಿಯರ್. ವಿಂಡ್‌ಲಾಸ್ ಮೋಟಾರು 1,000 ವ್ಯಾಟ್ ಮಾತ್ರ. ಆದರೆ ದೋಣಿಯ ಬ್ಯಾಟರಿ 12 ವೋಲ್ಟ್, ಆದ್ದರಿಂದ 83 ಆಂಪಿಯರ್ ಬೇಕು. ಬ್ಯಾಟರಿ ಇರುವುದು ಹಿಂಭಾಗದಲ್ಲಿ, ಮೋಟಾರು ಮುಂಭಾಗದಲ್ಲಿ. ಹೋಗಿ ಬರಲು 16 ಮೀಟರ್ ಕೇಬಲ್. ತಾಮ್ರದ ಅಡ್ಡಕೊಯ್ತ 16 ಚದರ ಮಿ.ಮೀ. ಆದರೆ ದಾರಿಯಲ್ಲೇ ಸುಮಾರು ಒಂದೂವರೆ ವೋಲ್ಟ್ ಸೋರಿಹೋಗುತ್ತದೆ. 120 ವ್ಯಾಟ್ ಕೇಬಲ್ಲಿನಲ್ಲೇ ಶಾಖವಾಗುತ್ತದೆ. 50 ಚದರ ಮಿ.ಮೀ. ಆದರೆ ನಷ್ಟ ಅರ್ಧ ವೋಲ್ಟ್‌ಗಿಂತ ಕಡಿಮೆ. ಕಾಗದದ ಮೇಲೆ ಈ ಭಾಗಾಕಾರವನ್ನು ಅವಳೇ ಮಾಡಿದಳು.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದರೆ ಬೆಂಕಿ ಹಚ್ಚಬಲ್ಲದು. ಆದ್ದರಿಂದ ಸರ್ಕ್ಯೂಟ್ ಬ್ರೇಕರ್ ಬ್ಯಾಟರಿಯ ಹತ್ತಿರವೇ ಇರಬೇಕು. ಕೇಬಲ್ ತವರ ಲೇಪಿಸಿದ ತಾಮ್ರದ್ದಾದರೆ ಉಪ್ಪುಗಾಳಿಗೆ ಬಾಳುತ್ತದೆ. ಎಲ್ಲವನ್ನೂ ನಾವೇ ಜೋಡಿಸಿದರೂ ಬ್ಯಾಟರಿಗೆ ಸಂಪರ್ಕ ಕೊಡುವ ಮೊದಲು ದೋಣಿಗಳ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದೆವು.

ಡೆಕ್ಕಿನಲ್ಲಿ ತೂತು

ಫೈಬರ್ ಡೆಕ್ಕಿನ ಎರಡು ಪದರಗಳ ನಡುವೆ ಹಲವು ದೋಣಿಗಳಲ್ಲಿ ಹಗುರ ಮರ ಇರುತ್ತದೆ. ತೂತು ಕೊರೆದು ಹಾಗೆಯೇ ಬೋಲ್ಟ್ ಹಾಕಿದರೆ ನೀರು ಇಳಿದು ಮರ ಕೊಳೆಯುತ್ತದೆ. ತೂತಿನ ಸುತ್ತ ಮರವನ್ನು ಸ್ವಲ್ಪ ಕೆರೆದು ತೆಗೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆಯಬೇಕು. ಎಳೆತದ ಭಾರ ಹಂಚಿಹೋಗಲು ಡೆಕ್ಕಿನ ಕೆಳಗೆ ದಪ್ಪನೆಯ ಹಲಗೆ ಕೊಡಬೇಕು.

ಸರಪಳಿಯನ್ನು ಹಿಡಿಯುವ ಚಕ್ರಕ್ಕೆ ಜಿಪ್ಸಿ ಎನ್ನುತ್ತಾರೆ. ಅದರ ಗುಳಿಗಳಲ್ಲಿ ಕೊಂಡಿಗಳು ಸರಿಯಾಗಿ ಕೂರಬೇಕು. ದಪ್ಪ ಒಂದೇ ಇದ್ದರೆ ಸಾಲದು: 10 ಮಿ.ಮೀ. ಸರಪಳಿಯಲ್ಲೇ ಕೊಂಡಿಯ ಒಳ ಉದ್ದ 28 ಮಿ.ಮೀ. ಇರುವುದೂ ಇದೆ, 30 ಇರುವುದೂ ಇದೆ. ಹೊಂದದಿದ್ದರೆ ಭಾರ ಬಿದ್ದಾಗ ಸರಪಳಿ ಜಾರುತ್ತದೆ. ಯಂತ್ರ ಕೊಳ್ಳುವ ಮೊದಲು ಸರಪಳಿಯ ಗುರುತು ನೋಡಿ, ಅಳತೆ ತೆಗೆಯಿರಿ.

ಮಕ್ಕಳಿಗೆ ನಿಯಮ

ಕಬ್ಬಿನ ಗಾಣಕ್ಕೆ ಕೈ ಹಾಕಬಾರದು ಎಂದು ಊರಲ್ಲಿ ಹೇಳಿದಂತೆಯೇ ಇದೂ. ಸರಪಳಿ ಓಡುವಾಗ ಬೆರಳು, ಬಿಟ್ಟ ಕೂದಲು, ಲೈಫ್‌ಜಾಕೆಟ್ಟಿನ ಪಟ್ಟಿ, ಯಾವುದೂ ಹತ್ತಿರ ಬರಬಾರದು. ನಮ್ಮ ನಿಯಮಗಳು ಮೂರು. ಯಂತ್ರ ಓಡುವಾಗ ಮಕ್ಕಳು ಹಿಂಭಾಗದಲ್ಲಿ. ಕೆಲಸ ಮುಗಿದ ಕೂಡಲೇ ಮುಖ್ಯ ಸ್ವಿಚ್ ಆಫ್, ಏಕೆಂದರೆ ಡೆಕ್ಕಿನ ಕಾಲುಗುಂಡಿಯನ್ನು ಆಡುವ ಮಗು ತುಳಿಯಬಹುದು. ಸರಪಳಿ ಸಿಕ್ಕಿಕೊಂಡರೆ ಸ್ವಿಚ್ ಆಫ್ ಮಾಡದೆ ದೊಡ್ಡವರೂ ಕೈ ಹಾಕುವಂತಿಲ್ಲ.

ಯಂತ್ರಕ್ಕೂ ನಿಯಮಗಳಿವೆ. ದೋಣಿಯನ್ನು ಲಂಗರಿನ ಕಡೆ ಎಳೆಯುವುದು ಅದರ ಕೆಲಸವಲ್ಲ. ಎಂಜಿನ್ನಿನಿಂದ ಮೆಲ್ಲಗೆ ಮುಂದೆ ಹೋಗಿ, ಸಡಿಲವಾದ ಸರಪಳಿಯನ್ನು ಎತ್ತಿಕೊಳ್ಳುವುದಷ್ಟೇ. ಎಂಜಿನ್ ಓಡುತ್ತಿದ್ದರೆ ಬ್ಯಾಟರಿಯೂ ಬಸವಳಿಯದು. ರಾತ್ರಿಯಿಡೀ ನಿಲ್ಲುವಾಗ ಎಳೆತವನ್ನು ವಿಂಡ್‌ಲಾಸ್ ಮೇಲೆ ಬಿಡದೆ, ನೈಲಾನ್ ಹಗ್ಗವೊಂದನ್ನು ಸರಪಳಿಗೆ ಸಿಕ್ಕಿಸಿ ಗಟ್ಟಿ ಗೂಟಕ್ಕೆ ಕಟ್ಟಬೇಕು. ಸರಪಳಿಯ ಕೊನೆಯನ್ನು ದೋಣಿಗೆ ಹಗ್ಗದಿಂದಲೇ ಕಟ್ಟಿ. ಅಪಾಯದಲ್ಲಿ ಚಾಕುವಿನಿಂದ ಕತ್ತರಿಸಿ ಹೊರಡಬಹುದು.

ಇಷ್ಟು ಸಣ್ಣ ದೋಣಿಗೆ ಇದು ಎಲ್ಲರಿಗೂ ಬೇಕಾದದ್ದಲ್ಲ. ಬೆನ್ನು ಗಟ್ಟಿಯಿದ್ದರೆ ಕೈಯಿಂದ ತಿರುಗಿಸುವ ಯಂತ್ರ ಸಾಕು, ಖರ್ಚೂ ಕಡಿಮೆ. ಆದರೆ ಯಾವ ಯಂತ್ರವಿದ್ದರೂ ಒಂದು ಪರೀಕ್ಷೆ ಮಾಡಿ: ಮನೆಯ ದೊಡ್ಡವರಿಬ್ಬರೂ ಒಬ್ಬೊಬ್ಬರೇ ಲಂಗರು ಹಾಕಿ, ಎತ್ತಿ ತೋರಿಸಬೇಕು, ಇನ್ನೊಬ್ಬರು ಬಾಯಿ ಬಿಡದೆ ಕೂತಿರಬೇಕು. ಮೇ ತಿಂಗಳಲ್ಲಿ ಹಾರ್ಟಿ ಫೆರಿಯಲ್ಲಿ ನಾನು ಆ ಪರೀಕ್ಷೆ ಮುಗಿಸಿದೆ. ಮೌನವಾಗಿ ಕೂರುವ ನನ್ನ ಗಂಡನ ಪರೀಕ್ಷೆಯೇ ಹೆಚ್ಚು ಕಠಿಣವಾಗಿತ್ತು ಎಂದು ಮಕ್ಕಳು ಈಗಲೂ ಹೇಳುತ್ತಾರೆ.