ಬೀದಿ ಕೂಡಿದರೆ ಊರು

ಊರು ಬೆಳೆಯಿತೆಂದರೆ ನಾವು ಮನೆಗಳನ್ನು ಎಣಿಸುತ್ತೇವೆ. ಬೀದಿ ಬೀದಿ ಕೂಡುವ ಚೌಕಗಳನ್ನು ಎಣಿಸುವವರು ವಿರಳ. ಆದರೆ ಪಟ್ಟಣವಾಸಿಗಳ ದಿನನಿತ್ಯದ ಸುಖದುಃಖಗಳು ಬಹುಮಟ್ಟಿಗೆ ಈ ಚೌಕಗಳನ್ನೇ ಅವಲಂಬಿಸಿವೆ.

ಬೆಂಗಳೂರನ್ನೇ ನೋಡಿರಿ. 1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸುವಾಗ, ದೊಡ್ಡಪೇಟೆ ಚಿಕ್ಕಪೇಟೆಗಳು ಸಂಧಿಸುವ ಸ್ಥಳದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿ ಬೀದಿಗಳ ಗೆರೆ ಎಳೆಸಿದರೆಂದು ಐತಿಹ್ಯ. ಅಂದರೆ, ಊರಿನಲ್ಲಿ ಮೊದಲು ಹುಟ್ಟಿದುದು ಮನೆಯಲ್ಲ, ಚೌಕ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟು ಪ್ರಾಣಕ್ಕೇ ಮುಳುವಾದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಬೀದಿಗಳು ಅಗಲವಾದವು, ಗಾಳಿ ಬೆಳಕು ಬಂದವು. ಆದರೂ ಕೂಡುವ ಗುಣ ಉಳಿಯಿತು. ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನೂ ಮಾರ್ಗೋಸಾ ರಸ್ತೆಯನ್ನೂ ಒಂದಾದಮೇಲೊಂದು ಅಡ್ಡರಸ್ತೆಗಳು ಬೆಸೆಯುತ್ತವೆ. ಒಂದು ಬೀದಿಯಲ್ಲಿ ಮದುವೆಯ ಚಪ್ಪರವೆದ್ದರೆ ಪಕ್ಕದ ಬೀದಿಯಲ್ಲಿ ಹಾದುಹೋಗಬಹುದು.

ಮೋಟಾರು ಬಂದ ಮೇಲೆ ಬೇರೊಂದು ವಿಚಾರ ಹುಟ್ಟಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ಪ್ರಾರಂಭವಾದ ರ‍್ಯಾಡ್‌ಬರ್ನ್ ಎಂಬ ಬಡಾವಣೆಯಲ್ಲಿ, ಮಕ್ಕಳ ಕ್ಷೇಮಕ್ಕಾಗಿ, ಒಂದೇ ಬಾಯುಳ್ಳ ಬೀದಿಗಳನ್ನು ರಚಿಸಿದರು. ಹೊಕ್ಕ ವಾಹನ ಹೊಕ್ಕಲ್ಲಿಂದಲೇ ಹೊರಡಬೇಕು. ಆದರೆ ಕಾಲ್ನಡಿಗೆಯವರಿಗೆ ಉದ್ಯಾನಗಳ ನಡುವೆ ಪ್ರತ್ಯೇಕ ದಾರಿಗಳಿದ್ದವು. ಮುಂದೆ ಅನುಕರಿಸಿದವರಲ್ಲಿ ಬಹುಮಂದಿ ಮುಚ್ಚಿದ ಬೀದಿಯನ್ನು ಉಳಿಸಿಕೊಂಡರು, ಕಾಲುದಾರಿಯನ್ನು ಮರೆತರು! ಇಂಥ ಹರಿದುಹಂಚಿದ ಬೀದಿಗಳ ರಚನೆ ಆ ದೇಶದಲ್ಲಿ 1994ರ ಸುಮಾರಿಗೆ ತುತ್ತತುದಿಗೇರಿ, ಅನಂತರ ತುಸು ಇಳಿಯಿತೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ.

ಬೆಂಗಳೂರಿನ ಅಂಚಿಗೆ ಇದೇ ಫಲ ಬೇರೆ ಹಾದಿಯಲ್ಲಿ ಬಂದಿತು. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್‌ಗಳ ಕಡೆ ಹೊಲಗಳು ಒಂದೊಂದಾಗಿ ನಿವೇಶನಗಳಾದವು. ಒಬ್ಬೊಬ್ಬ ಒಡೆಯನೂ ತನ್ನ ಹೊಲದ ಮೇರೆಯವರೆಗೆ ಮಾತ್ರ ಬೀದಿ ಎಳೆದನು. ನೆರೆಯವನ ಬೀದಿಗೆ ಅದು ಸೇರುವುದೋ ಇಲ್ಲವೋ, ಕೇಳಿದವರಾರು? ಮೇಲೆ ಸುತ್ತುಗೋಡೆ, ಕಾವಲು ಗೇಟು. ಗೋಡೆಯ ಎರಡು ಬದಿಯ ಮನೆಗಳವರು ಒಬ್ಬರ ಒಗ್ಗರಣೆಯ ಘಮವನ್ನು ಇನ್ನೊಬ್ಬರು ಮೂಸಬಲ್ಲರು. ಭೇಟಿಯಾಗಬೇಕಾದರೆ ಹೆದ್ದಾರಿಗಿಳಿದು ಬಳಸಿಬರಬೇಕು. ಹಾಲು ತರುವವರು, ಶಾಲೆಗೆ ಹೋಗುವವರು, ಆಸ್ಪತ್ರೆಗೆ ಧಾವಿಸುವವರು ಎಲ್ಲರೂ ಇಳಿಯುವುದು ಅದೊಂದೇ ರಸ್ತೆಗೆ. ಅದು ಕಟ್ಟಿಕೊಂಡರೆ ಬದಲಿ ದಾರಿಯಿಲ್ಲ. ರಸ್ತೆಯನ್ನು ಎಷ್ಟು ಅಗಲಿಸಿದರೂ ಬೀದಿಗಳು ಬೆಸೆಯದ ಕೊರತೆ ತುಂಬದು.

ಗೋಡೆಯೊಳಗೆ ನೆಮ್ಮದಿಯಿದೆ, ಮಕ್ಕಳು ನಿರ್ಭಯವಾಗಿ ಆಡುತ್ತಾರೆ, ಇದನ್ನು ಅಲ್ಲಗಳೆಯಲಾಗದು. ಆದರೆ ಅದೇ ಮಗು ಕೂಗಳತೆಯ ಶಾಲೆಗೂ ಬಸ್ಸನ್ನೇರಬೇಕಾದರೆ ಆ ನೆಮ್ಮದಿಯ ಬೆಲೆ ಸಣ್ಣದೇನೂ ಅಲ್ಲ.

ಮನೆ ಕೆಡವಿ ಮನೆ ಕಟ್ಟಬಹುದು. ಬೀದಿಯ ಗೆರೆ ಸುಲಭವಾಗಿ ಅಳಿಯದು. ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆಯಾಗಿದೆ. ಹೆಸರು ಬದಲಾದರೂ ಚಿಕ್ಕಪೇಟೆಯನ್ನು ಅದು ಇಂದಿಗೂ ಸಂಧಿಸುತ್ತದೆ. ಇಂದು ಮುಚ್ಚಿದ ಬೀದಿಯೂ ಹಾಗೆಯೇ ಮೊಮ್ಮಕ್ಕಳ ಕಾಲದವರೆಗೆ ಮುಚ್ಚಿಯೇ ಇದ್ದೀತು. ಆದುದರಿಂದ ನಿವೇಶನ ಕೊಳ್ಳಹೋಗುವ ಗೃಹಸ್ಥರು ನೀರು, ಬೆಳಕು, ವಾಸ್ತುಗಳನ್ನು ವಿಚಾರಿಸುವಾಗ ಇನ್ನೊಂದು ಮಾತನ್ನೂ ಕೇಳಲಿ: “ಈ ಬೀದಿ ಆ ಕೊನೆಯಲ್ಲಿ ಯಾವ ಬೀದಿಯನ್ನು ಸೇರುತ್ತದೆ?”