ಡಿಜಿಟಲ್ ನಾದವೂ ಅದರ ಪರಿವರ್ತಕದ ಆಯ್ಕೆಯೂ

೧

ಹುಟ್ಟಿದೊಡನೆಯೇ ಅಳಿದುಹೋಗುವುದು ನಾದದ ಸ್ವಭಾವ. ಬರೆಹವು ಮಾತನ್ನು ಹೇಗೆ ಉಳಿಸಿಕೊಟ್ಟಿತೋ ಹಾಗೆಯೇ ಧ್ವನಿಮುದ್ರಣವು ಗಾನವನ್ನೂ ವಾಚನವನ್ನೂ ಉಳಿಸಿಕೊಟ್ಟಿತು. ಮೊದಲು ಮೇಣದ ಉರುಳೆಗಳಲ್ಲಿಯೂ, ಅನಂತರ ಅರಗಿನ ತಟ್ಟೆಗಳಲ್ಲಿಯೂ, ಆಮೇಲೆ ಟೇಪುಗಳಲ್ಲಿಯೂ ನೆಲೆಗೊಂಡಿದ್ದ ನಾದವು ಈಗ ಬಹುಮಟ್ಟಿಗೆ ಅಂಕೆಗಳ ರೂಪವನ್ನು ತಾಳಿರುವುದು. ಗಮಕಿಗಳ ವಾಚನ, ವೈಣಿಕರ ಕಚೇರಿ, ಕವಿಗಳ ಸ್ವಂತ ಕಂಠ, ಇವೆಲ್ಲವೂ ಇಂದು ನಮ್ಮ ಮನೆಗಳಿಗೆ ಬರುವುದು ಅಂಕೆಗಳ ಸಾಲಾಗಿ. ಆ ಅಂಕೆಗಳನ್ನು ಓದಿ, ಮರಳಿ ವಿದ್ಯುತ್ತಿನ ಅಲೆಯಾಗಿ ಮಾಡಿಕೊಡತಕ್ಕ ಸಾಧನಕ್ಕೆ ಡಿಜಿಟಲ್-ಅನಲಾಗ್ ಪರಿವರ್ತಕವೆಂದು ಹೆಸರು. ವ್ಯವಹಾರದಲ್ಲಿ ಇದನ್ನು ಡ್ಯಾಕ್ ಎನ್ನುವರು.

ಈ ಡ್ಯಾಕು ಅಂಗಡಿಗಳಲ್ಲಿ ಒಂದೆರಡು ಸಾವಿರ ರೂಪಾಯಿಗಳಿಂದ ಮೊದಲುಗೊಂಡು ಹಲವು ಲಕ್ಷ ರೂಪಾಯಿಗಳವರೆಗೆ ಬೆಲೆಯುಳ್ಳದ್ದಾಗಿ ದೊರೆಯುವುದು. ಬೆಲೆಯಲ್ಲಿರುವ ಈ ಅಂತರಕ್ಕೆ ತಕ್ಕ ಅಂತರವು ನಾದದಲ್ಲಿಯೂ ಉಂಟೆ? ಉಪಾಧ್ಯಾಯವೃತ್ತಿಯಲ್ಲಿದ್ದುಕೊಂಡು, ಮಿತವಾದ ವರಮಾನದಲ್ಲಿ ಪುಸ್ತಕಗಳಿಗೂ ಸಂಗೀತಕ್ಕೂ ಹಣವನ್ನು ಹಂಚಿಕೊಳ್ಳಬೇಕಾದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಹಣದ ಮಾತು ಹಾಗಿರಲಿ. ಕೇಳಿದ್ದನ್ನು ಪರೀಕ್ಷಿಸದೆ ನಂಬಬಹುದೆ ಎಂಬ ಪ್ರಮಾಣವಿಚಾರವೂ ಇದರಲ್ಲಿ ಅಡಗಿರುವುದರಿಂದ, ಪಾಠಶೋಧನೆಯಲ್ಲಿ ಪಳಗಿದ ಈ ಪತ್ರಿಕೆಯ ವಾಚಕರಿಗೆ ವಿಷಯವು ಅಪ್ರಕೃತವೆನಿಸಲಾರದೆಂದು ನಂಬಿದ್ದೇನೆ.

೨

ನಾದವೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಮೈಕು ಅದನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾಡುವುದು. ಈ ಏರಿಳಿತವನ್ನು ಸಮಾನವಾದ ಕಾಲಾಂತರಗಳಲ್ಲಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದುಕೊಳ್ಳಬಹುದೆಂಬ ಉಪಾಯವನ್ನು ೧೯೩೭ರಲ್ಲಿ ಅಲೆಕ್ ರೀವ್ಸ್ ಎಂಬ ಆಂಗ್ಲ ಎಂಜಿನಿಯರು ಪ್ಯಾರಿಸಿನಲ್ಲಿದ್ದಾಗ ದೂರವಾಣಿಯ ಉಪಯೋಗಕ್ಕಾಗಿ ಕಂಡುಹಿಡಿದರು. ೧೯೮೨ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಒಂದು ಸೆಕೆಂಡಿಗೆ ೪೪,೧೦೦ ಸಲ ಅಳತೆ ನಡೆದಿರುವುದು. ಒಂದೊಂದು ಅಳತೆಗೂ ೧೬ ಬಿಟ್ಟುಗಳು, ಎಂದರೆ ೬೫,೫೩೬ ಮೆಟ್ಟಲುಗಳುಳ್ಳ ಅಳತೆಗೋಲು.

ಇಷ್ಟನ್ನು ಕೇಳಿದ ಕೂಡಲೆ ಹಲವರಿಗೆ ಒಂದು ಸಂಶಯ ಹುಟ್ಟುವುದು: ಒಂದು ಅಳತೆಗೂ ಇನ್ನೊಂದು ಅಳತೆಗೂ ನಡುವೆ ಇದ್ದ ನಾದವು ಕಳೆದುಹೋಗುವುದಿಲ್ಲವೆ? ಮರಳಿ ಬರುವ ಅಲೆಯು ಮೆಟ್ಟಲು ಮೆಟ್ಟಲಾಗಿ ಒರಟಾಗಿರುವುದಿಲ್ಲವೆ? ಇದಕ್ಕೆ ಗಣಿತಶಾಸ್ತ್ರವು ಕೊಡುವ ಉತ್ತರ ನಿಸ್ಸಂದಿಗ್ಧವಾದುದು. ೧೯೨೮ರಲ್ಲಿ ನೈಕ್ವಿಸ್ಟ್, ೧೯೩೩ರಲ್ಲಿ ಕೊಟೆಲ್ನಿಕಾಫ್, ೧೯೪೯ರಲ್ಲಿ ಶ್ಯಾನನ್ ಇವರ ಪ್ರಬಂಧಗಳಿಂದ ಸ್ಥಾಪಿತವಾದ ತತ್ತ್ವವಿದು: ಒಂದು ಅಲೆಯಲ್ಲಿರುವ ಅತ್ಯುಚ್ಚ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳತೆ ಮಾಡಿದರೆ, ಆ ಅಳತೆಗಳಿಂದ ಮೂಲದ ಅಲೆಯನ್ನು ಏನೂ ಬಿಡದಂತೆ ಮರಳಿ ಕಟ್ಟಬಹುದು. ಛಂದಸ್ಸಿನ ನಿಯಮವನ್ನು ಬಲ್ಲವನು ಓಲೆಯಲ್ಲಿ ಸವೆದುಹೋದ ಗಣದ ಮಾತ್ರೆಗಳೆಷ್ಟೆಂದು ಹೇಳಬಲ್ಲನಷ್ಟೆ. ಇಲ್ಲಿನ ನಿಯಮವು ಇನ್ನೂ ಬಿಗಿಯಾದುದು. ಆ ಎಲ್ಲ ಬಿಂದುಗಳ ಮೂಲಕ, ಕಂಪನಸಂಖ್ಯೆಯ ಮಿತಿಯನ್ನು ಮೀರದೆ ಹಾದುಹೋಗಬಲ್ಲ ರೇಖೆಯು ಒಂದೇ ಒಂದು. ಪರಿವರ್ತಕದ ಶೋಧಕವು ಆ ಒಂದು ರೇಖೆಯನ್ನೇ ಎಳೆಯುವುದು. ಮನುಷ್ಯನ ಕಿವಿಯು ಯೌವನದಲ್ಲಿ ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ದವರೆಗಿನ ಕಂಪನಗಳನ್ನು ಗ್ರಹಿಸುವುದು. ವಯಸ್ಸಾದಂತೆ ಮೇಲಿನ ಎಲ್ಲೆಯು ಕುಗ್ಗುತ್ತ ಬರುವುದು. ೪೪,೧೦೦ರ ಅರ್ಧವು ೨೨,೦೫೦ ಆದುದರಿಂದ ಕಿವಿಗೆ ಬೇಕಾದುದೆಲ್ಲವೂ ಅದರಲ್ಲಿ ಅಡಗಿತು.

ಇನ್ನು ಬಿಟ್ಟುಗಳ ವಿಚಾರ. ಬಿಟ್ಟುಗಳ ಸಂಖ್ಯೆಯು ನಿರ್ಧರಿಸುವುದು ನಾದದ ಹಿಂದೆ ಉಳಿಯುವ ಮರ್ಮರವನ್ನು. ಒಂದು ಬಿಟ್ಟು ಹೆಚ್ಚಿದರೆ ಸುಮಾರು ೬ ಡೆಸಿಬೆಲ್‌ಗಳಷ್ಟು ಮರ್ಮರ ತಗ್ಗುವುದು. ೧೬ ಬಿಟ್ಟುಗಳಿಗೆ ಲೆಕ್ಕದಂತೆ ಸುಮಾರು ೯೮ ಡೆಸಿಬೆಲ್. ೨೪ ಬಿಟ್ಟುಗಳಿಗೆ ಸುಮಾರು ೧೪೬. ಆದರೆ ವಿದ್ಯುನ್ಮಂಡಲದ ಶಾಖದಿಂದಲೇ ಹುಟ್ಟುವ ಮರ್ಮರವೊಂದುಂಟು. ಅದನ್ನು ತಪ್ಪಿಸಲಾಗದ್ದರಿಂದ ಅತ್ಯುತ್ತಮ ಪರಿವರ್ತಕಗಳೂ ೧೨೦ರಿಂದ ೧೩೦ ಡೆಸಿಬೆಲ್‌ಗಳ ಆಸುಪಾಸಿನಲ್ಲಿ ನಿಂತುಬಿಡುವುವು. ಹೀಗಿರುವಲ್ಲಿ ಪೆಟ್ಟಿಗೆಯ ಮೇಲೆ ೩೨ ಬಿಟ್ಟು ಎಂದು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿರುವುದಕ್ಕೆ ಕೇಳುಗನು ಮರುಳಾಗಬೇಕಾದುದಿಲ್ಲ. ಕೊಳಗ ದೊಡ್ಡದಾದ ಮಾತ್ರಕ್ಕೆ ರಾಗಿ ಹೆಚ್ಚುವುದಿಲ್ಲ.

೩

ಸಂಖ್ಯೆಯು ದೊಡ್ಡದಾದರೆ ಗುಣವೂ ದೊಡ್ಡದೆಂಬ ಭಾವನೆಯು ಎಷ್ಟು ದುರ್ಬಲವಾದುದೆಂಬುದಕ್ಕೆ ಈ ಸಾಧನದ ಚರಿತ್ರೆಯ ಮೊದಲ ಪುಟವೇ ಸಾಕ್ಷಿ. ೧೯೮೨ರಲ್ಲಿ ಸೋನಿ ಸಂಸ್ಥೆಯ ಯಂತ್ರದಲ್ಲಿ ೧೬ ಬಿಟ್ಟುಗಳ ಪರಿವರ್ತಕವಿದ್ದಿತು. ಫಿಲಿಪ್ಸ್ ಸಂಸ್ಥೆಯವರ ಬಳಿ ಸಿದ್ಧವಾಗಿದ್ದುದು ೧೪ ಬಿಟ್ಟುಗಳದು ಮಾತ್ರ. ಆದರೆ ಫಿಲಿಪ್ಸಿನವರು ಒಂದು ಉಪಾಯವನ್ನು ಹೂಡಿದರು. ಸೆಕೆಂಡಿಗೆ ೪೪,೧೦೦ ಸಲ ಬರುವ ಅಂಕೆಗಳ ನಡುವೆ ಲೆಕ್ಕಹಾಕಿ ಬೇರೆ ಅಂಕೆಗಳನ್ನು ಸೇರಿಸಿ, ಅದರ ನಾಲ್ಕರಷ್ಟು, ಎಂದರೆ ೧,೭೬,೪೦೦ ಸಲ ಪರಿವರ್ತಕವನ್ನು ನಡೆಯಿಸಿದರು. ಮರ್ಮರವನ್ನು ಕಿವಿಗೆ ಮುಟ್ಟದ ಉಚ್ಚಸ್ಥಾನಕ್ಕೆ ತಳ್ಳುವ ಗಣಿತವನ್ನೂ ಜೊತೆಗೂಡಿಸಿದರು. ಹೀಗೆ ೧೪ ಬಿಟ್ಟುಗಳ ಸಾಧನದಿಂದ ೧೬ ಬಿಟ್ಟುಗಳ ಫಲವು ದೊರೆಯಿತು.

ಇಂದಿನ ಬಹುಪಾಲು ಪರಿವರ್ತಕಗಳು ಈ ದಾರಿಯಲ್ಲಿಯೇ ಮುಂದುವರಿದುವು. ಇವಕ್ಕೆ ಡೆಲ್ಟಾ-ಸಿಗ್ಮಾ ಪರಿವರ್ತಕಗಳೆಂದು ಹೆಸರು. ಬಹು ಕಡಮೆ ಬಿಟ್ಟುಗಳನ್ನು ಬಹು ವೇಗವಾಗಿ ನಡೆಯಿಸಿ, ಉಳಿದುದನ್ನು ಗಣಿತಕ್ಕೆ ಬಿಡುವುದು ಇವುಗಳ ಮರ್ಮ. ಇನ್ನೊಂದು ಜಾತಿಯು ಏಣಿಯ ಮೆಟ್ಟಲುಗಳಂತೆ ಜೋಡಿಸಿದ ರೆಸಿಸ್ಟರುಗಳಿಂದ ಕೆಲಸ ಮಾಡುವುದು. ಇಂಥ ಏಣಿಯು ೧೬ ಬಿಟ್ಟುಗಳನ್ನು ನಿಜವಾಗಿ ಸಲ್ಲಿಸಬೇಕಾದರೆ ಮೇಲಿನ ಮೆಟ್ಟಲಿನ ರೆಸಿಸ್ಟರುಗಳಲ್ಲಿ ೬೫,೫೩೬ರಲ್ಲಿ ಒಂದು ಪಾಲಿನಷ್ಟೂ ತಪ್ಪಿರಬಾರದು. ಅದನ್ನು ಸಾಧಿಸುವುದು ದುಬಾರಿ. ಆದುದರಿಂದ ಏಣಿಯ ಜಾತಿಯಲ್ಲಿ ಹೆಚ್ಚು ಬೆಲೆ ಕೊಟ್ಟವನಿಗೆ ಹೆಚ್ಚು ಶುದ್ಧವಾದ ನಾದವೇ ಬಂದೀತೆಂಬ ಭರವಸೆಯಿಲ್ಲ. ಬೆಲೆಯು ಅನೇಕ ವೇಳೆ ಶ್ರಮಕ್ಕೆ ಸಲ್ಲುವುದು, ಫಲಕ್ಕಲ್ಲ.

೪

ಅಳತೆಗಳು ಏನೇ ಹೇಳಲಿ, ಕಿವಿಯೇ ಕಡೆಯ ಪ್ರಮಾಣವಲ್ಲವೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ ಸರಿ. ಆದರೆ ಕಿವಿಯ ಸಾಕ್ಷ್ಯವನ್ನೂ ಇತರ ಸಾಕ್ಷ್ಯಗಳಂತೆ ಪರೀಕ್ಷಿಸಿಯೇ ಸ್ವೀಕರಿಸಬೇಕು. ಈ ಪರೀಕ್ಷೆಯಲ್ಲಿ ಎರಡು ಮೋಸಗಳುಂಟು. ಒಂದು, ಸ್ವಲ್ಪ ಗಟ್ಟಿಯಾಗಿ ಕೇಳಿಸಿದುದು ನಮಗೆ ಹೆಚ್ಚು ಇಂಪಾಗಿಯೂ ಸ್ಪಷ್ಟವಾಗಿಯೂ ತೋರುವುದು. ಎರಡು ಡ್ಯಾಕುಗಳ ಮಟ್ಟದಲ್ಲಿ ಒಂದು ಡೆಸಿಬೆಲ್ಲಿನ ಅಂತರವಿದ್ದರೂ ನಾವು ಅದನ್ನು ಗಟ್ಟಿತನವೆಂದು ಅರಿಯದೆ ಗುಣವೆಂದೇ ಎಣಿಸುವೆವು. ಇನ್ನೊಂದು, ಯಾವುದು ನುಡಿಯುತ್ತಿದೆಯೆಂದು ತಿಳಿದಿದ್ದರೆ ಅದರ ಬೆಲೆಯೂ ಕೀರ್ತಿಯೂ ಕಿವಿಯೊಡನೆ ಕುಳಿತು ತೀರ್ಪು ಹೇಳುವುವು.

ಈ ದೋಷಗಳನ್ನು ನಿವಾರಿಸಿ ನಡೆಸಿದ ಪರೀಕ್ಷೆಗಳು ಹಲವುಂಟು. ೨೦೦೭ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚಿನ ಸೂಕ್ಷ್ಮತೆಯ ಮುದ್ರಿಕೆಗಳನ್ನು ನೇರವಾಗಿ ಒಮ್ಮೆಯೂ, ಕಾಂಪ್ಯಾಕ್ಟ್ ಡಿಸ್ಕಿನ ಮಟ್ಟಕ್ಕೆ ಇಳಿಸಿ ಒಮ್ಮೆಯೂ ಕೇಳಿಸಲಾಯಿತು. ೫೫೪ ಸಲದ ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬಂದುದು ೨೭೬ ಸಲ. ನಾಣ್ಯವನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿದ್ದಿತು. ಪಕ್ಷಪಾತವಿಲ್ಲದೆ ಹೇಳಬೇಕಾದರೆ ಇದಕ್ಕೆ ಪ್ರತಿಪಕ್ಷವೂ ಉಂಟು. ೨೦೧೬ರಲ್ಲಿ ಲಂಡನ್ನಿನ ಜೋಷುವಾ ರೀಸ್ ಎಂಬ ವಿದ್ವಾಂಸರು ೧೮ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ ೫೨.೩ರಷ್ಟು ಉತ್ತರಗಳು ಸರಿಯಾಗಿದ್ದುವು. ತರಬೇತಿ ಹೊಂದಿದವರಲ್ಲಿ ಇದಕ್ಕಿಂತ ಹೆಚ್ಚು. ಅಂತರವು ಸೊನ್ನೆಯೆಂದು ಹೇಳುವ ಹಾಗಿಲ್ಲ. ಆದರೆ ಅದು ಬಹು ಸಣ್ಣದು. ಲಕ್ಷ ರೂಪಾಯಿಯ ವೆಚ್ಚವನ್ನು ಸಮರ್ಥಿಸುವಷ್ಟಂತೂ ಅಲ್ಲ.

ಮನೆಯಲ್ಲಿಯೇ ಪರೀಕ್ಷಿಸಬಯಸುವವರಿಗೆ ಕ್ರಮವು ಸುಲಭವಾಗಿದೆ. ಸೆಕೆಂಡಿಗೆ ೧,೦೦೦ ಕಂಪನಗಳ ಒಂದೇ ಸ್ವರವನ್ನು ನುಡಿಸಿ, ವೋಲ್ಟ್ ಮೀಟರಿನಿಂದ ಎರಡು ಸಾಧನಗಳ ಮಟ್ಟವನ್ನೂ ಸಮಮಾಡಿಕೊಳ್ಳಬೇಕು. ನೂರಕ್ಕೆ ಒಂದರ ಒಳಗೆ ಹೊಂದಿದರೆ ಸಾಕು. ಮನೆಯವರೊಬ್ಬರು ಮರೆಯಲ್ಲಿ ನಿಂತು ತಮಗೆ ತೋರಿದಂತೆ ಬದಲಾಯಿಸುತ್ತ ಬರಲಿ. ಹತ್ತು ಸಲದಲ್ಲಿ ಒಂಬತ್ತು ಸಲವಾದರೂ ಗುರುತುಹಿಡಿದರೆ ಅಂತರವುಂಟೆಂದು ನಂಬಬಹುದು. ಬರಿಯ ಊಹೆಯಿಂದ ಹಾಗಾಗುವ ಸಂಭವವು ನೂರಕ್ಕೆ ಸುಮಾರು ಒಂದು ಮಾತ್ರ. ಆರು ಏಳು ಸಲ ಸರಿಯಾದುದನ್ನು ಜಯವೆಂದು ಎಣಿಸಕೂಡದು.

೫

ಹಾಗಾದರೆ ಆಯ್ಕೆಯಲ್ಲಿ ನೋಡಬೇಕಾದುದೇನು?

ಮೊತ್ತಮೊದಲು, ಬೇರೆ ಡ್ಯಾಕು ಬೇಕೇ ಎಂಬುದನ್ನು ನೋಡಬೇಕು. ಕಂಪ್ಯೂಟರು, ಟೆಲಿವಿಷನ್ನು, ಬ್ಲೂಟೂತ್ ಸ್ಪೀಕರು, ಇವೆಲ್ಲವುಗಳ ಒಳಗೂ ಒಂದು ಪರಿವರ್ತಕವಿದ್ದೇ ಇರುವುದು. ಅದರಿಂದ ಬರುವ ನಾದದಲ್ಲಿ ಸದ್ದಾಗಲಿ ಗುಂಯ್‌ಗುಟ್ಟುವಿಕೆಯಾಗಲಿ ಇಲ್ಲದೆ, ಮಟ್ಟವು ಸಾಕಷ್ಟಿದ್ದರೆ ಹೊಸದನ್ನು ಕೊಳ್ಳಲು ಕಾರಣವಿಲ್ಲ.

ಬೇಕಾದ ಪಕ್ಷದಲ್ಲಿ, ನಾದವು ಎಲ್ಲಿಂದ ಬರುವುದೆಂಬುದನ್ನು ನಿಶ್ಚಯಿಸಬೇಕು. ಕಂಪ್ಯೂಟರಿನಿಂದಲೂ ಫೋನಿನಿಂದಲೂ ಯು.ಎಸ್.ಬಿ. ತಂತಿ, ಟೆಲಿವಿಷನ್ನಿನಿಂದ ಸಾಮಾನ್ಯವಾಗಿ ಆಪ್ಟಿಕಲ್ ತಂತಿ. ಎರಡನೆಯದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆದುದರಿಂದ ಅರ್ತಿಂಗಿನ ದೋಷದಿಂದ ಹುಟ್ಟುವ ಗುಂಯ್‌ಕಾರವು ಆ ದಾರಿಯಲ್ಲಿ ದಾಟಿ ಬರಲಾರದು. ಟೆಲಿವಿಷನ್ನಿಗೆ ಜೋಡಿಸಿದಾಗ ಡ್ಯಾಕು ಮೂಕವಾಗಿ ಕುಳಿತರೆ ಅದು ಕೆಟ್ಟಿದೆಯೆಂದು ಅವಸರಪಡಬೇಡಿ. ಟೆಲಿವಿಷನ್ನಿನ ಧ್ವನಿಯ ಏರ್ಪಾಟನ್ನು ಪಿ.ಸಿ.ಎಂ. ಎಂಬುದಕ್ಕೆ ತಿರುಗಿಸಿದರೆ ಬಹಳ ವೇಳೆ ಅದು ಬಾಯಿಬಿಡುವುದು.

ಮೂರನೆಯದು, ನಾದವು ಎಲ್ಲಿಗೆ ಹೋಗುವುದೆಂಬುದು. ಆಂಪ್ಲಿಫೈಯರಿಗೆ ಕೊಡುವುದಾದರೆ ವಾಡಿಕೆಯ ಸುಮಾರು ೨ ವೋಲ್ಟುಗಳ ಮಟ್ಟವಿರಲಿ. ಹೆಡ್‌ಫೋನಿಗೆ ಕೊಡುವುದಾದರೆ, ಡ್ಯಾಕಿನ ಹೊರದಾರಿಯ ಪ್ರತಿರೋಧವು ಹೆಡ್‌ಫೋನಿನದರ ಎಂಟನೆಯ ಒಂದು ಪಾಲನ್ನು ಮೀರದಿರಲಿ. ೩೨ ಓಮುಗಳ ಹೆಡ್‌ಫೋನಿಗೆ ೪ ಓಮು ಅಥವಾ ಅದಕ್ಕಿಂತ ಕಡಮೆ. ಈ ಹೊಂದಾಣಿಕೆ ತಪ್ಪಿದರೆ ಕೆಲವು ಹೆಡ್‌ಫೋನುಗಳಲ್ಲಿ ಸ್ವರಗಳ ಸಮತೂಕವೇ ಬದಲಾಗುವುದು. ಬಿಟ್ಟುಗಳ ಜಾಹಿರಾತಿಗಿಂತ ಈ ಒಂದು ಸಣ್ಣ ಸಂಖ್ಯೆಯು ಹೆಚ್ಚು ಮುಖ್ಯವಾದುದು.

ಕಡೆಯದಾಗಿ, ಸ್ವತಂತ್ರರಾದ ಪರೀಕ್ಷಕರು ಪ್ರಕಟಿಸಿರುವ ಅಳತೆಗಳನ್ನು ನೋಡಬೇಕು. ಮರ್ಮರವೂ ವಿಕಾರವೂ ಸೇರಿ ಮೂಲನಾದಕ್ಕಿಂತ ೧೦೦ ಡೆಸಿಬೆಲ್ ಕೆಳಗಿದ್ದರೆ ಸಾಕು. ನಿಶ್ಶಬ್ದವೆಂದು ನಾವೆಣಿಸುವ ಕೊಠಡಿಯಲ್ಲಿಯೂ ೩೦ ಡೆಸಿಬೆಲ್ಲಿನಷ್ಟು ಸದ್ದಿರುವುದು. ಫ್ಯಾನು ತಿರುಗುತ್ತಿದ್ದರೆ ಅದಕ್ಕಿಂತಲೂ ಹೆಚ್ಚು. ಆ ಮಟ್ಟದ ಡ್ಯಾಕುಗಳು ಈಗ ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುವುವು. ಉಳಿದ ಹಣವು ಸ್ಪೀಕರಿಗೆ ಸಲ್ಲಬೇಕಾದುದು. ಒಳ್ಳೆಯ ಡ್ಯಾಕಿನ ವಿಕಾರವು ಲಕ್ಷಕ್ಕೆ ಒಂದರ ಪ್ರಮಾಣದ್ದಾದರೆ, ಮಂದ್ರಸ್ವರಗಳಲ್ಲಿ ಸ್ಪೀಕರಿನದು ನೂರಕ್ಕೆ ಒಂದನ್ನು ಮುಟ್ಟುವುದು ಅಪೂರ್ವವಲ್ಲ. ಕಲ್ಲುನೆಲವೂ ಬರಿಗೋಡೆಯೂ ಉಳ್ಳ ನಮ್ಮ ಕೊಠಡಿಗಳ ಪ್ರತಿಧ್ವನಿಯು ಇದಕ್ಕೂ ಮಿಗಿಲು. ಒಂದು ದಪ್ಪನೆಯ ಜಮಖಾನೆ, ಪುಸ್ತಕ ತುಂಬಿದ ಒಂದು ಬೀರು, ಇವು ಮಾಡುವ ಉಪಕಾರವನ್ನು ಯಾವ ಡ್ಯಾಕೂ ಮಾಡಲಾರದು.

೬

ಇಲ್ಲಿಯವರೆಗೆ ಹೇಳಿದುದು ಅಂಕೆಯಿಂದ ನಾದಕ್ಕೆ ಬರುವ ದಾರಿಯ ವಿಚಾರ. ನಾದದಿಂದ ಅಂಕೆಗೆ ಹೋಗುವ ದಾರಿಯಲ್ಲಿ ನ್ಯಾಯವು ಬೇರೆ. ಮನೆಯಲ್ಲಿ ಹಿರಿಯರೊಬ್ಬರ ಗಮಕವಾಚನದ ಹಳೆಯ ಕ್ಯಾಸೆಟ್ಟೊಂದಿದ್ದು, ಅದನ್ನು ಅಂಕೆಗಳಿಗೆ ಇಳಿಸಬೇಕಾಗಿದ್ದರೆ ಅಲ್ಲಿ ಉಪಯೋಗಿಸುವ ಅನಲಾಗ್-ಡಿಜಿಟಲ್ ಪರಿವರ್ತಕದಲ್ಲಿ ಜಿಪುಣತನವು ಸಲ್ಲದು. ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವು ಇಂಥ ಕೆಲಸಕ್ಕೆ ೨೪ ಬಿಟ್ಟುಗಳನ್ನೂ ಸೆಕೆಂಡಿಗೆ ಕಡಮೆಯೆಂದರೆ ೪೮,೦೦೦ ಅಳತೆಗಳನ್ನೂ ವಿಧಿಸಿರುವುದು. ಕೇಳುವುದಕ್ಕೆ ಅನಾವಶ್ಯಕವಾದ ಬಿಟ್ಟುಗಳು ಇಲ್ಲಿ ಸಾರ್ಥಕವಾಗುವುವು. ಮುಂದೆ ಸದ್ದನ್ನು ತೆಗೆದು ಶೋಧಿಸುವವರಿಗೆ ಅವು ಅವಕಾಶವನ್ನು ಕೊಡುವುವು. ಕೇಳುವ ಡ್ಯಾಕು ಸರಿಯಿಲ್ಲವೆಂದು ಕಂಡರೆ ನಾಳೆ ಬೇರೊಂದನ್ನು ತರಬಹುದು. ಟೇಪು ಸವೆದುಹೋದ ಮೇಲೆ, ಮೊದಲ ಪ್ರತಿಯನ್ನು ಮಾಡುವಾಗ ಬಿಟ್ಟುಹೋದುದನ್ನು ಯಾರೂ ತರಲಾರರು. ಓಲೆಯ ಪ್ರತಿಗಳಲ್ಲಿ ಲಿಪಿಕಾರರು ಬಿಟ್ಟುಹೋದ ಸಾಲುಗಳಿಗಾಗಿ ಇಂದಿಗೂ ಹಂಬಲಿಸುತ್ತಿರುವ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಗಮಕದಲ್ಲಿ ವಾಚಕನೇ ಬೇರೆ, ವ್ಯಾಖ್ಯಾನಕಾರನೇ ಬೇರೆ. ಡ್ಯಾಕಿನ ಕೆಲಸವು ವಾಚಕನದು. ಇದ್ದುದನ್ನು ಇದ್ದಂತೆ ಓದಿದರೆ ಅದರ ಕರ್ತವ್ಯ ಮುಗಿಯಿತು. ಅಷ್ಟನ್ನು ಸರಿಯಾಗಿ ಮಾಡುವುದನ್ನು ಸುಲಭವಾದ ಬೆಲೆಗೆ ಕೊಂಡು, ಉಳಿದ ಹಣವನ್ನು ಸ್ಪೀಕರಿಗೂ, ಮನೆಯ ಹಳೆಯ ಟೇಪುಗಳ ಉದ್ಧಾರಕ್ಕೂ ವಿನಿಯೋಗಿಸುವುದು ವಿವೇಕವೆಂದು ನನ್ನ ಅಭಿಪ್ರಾಯ.